ಬೇಲಿಗಿಂತ ಮೊದಲು ಕಲ್ಲು ಹುಡುಕಿ

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಹೊಳೆ ಬಂದು ಇಳಿದ ಮೇಲೆ ನಮ್ಮ ಹೊಲಕ್ಕೆ ಕಾಲಿಟ್ಟಾಗ ಕಬ್ಬು ಮಲಗಿತ್ತು. ಬದು ಕೊಚ್ಚಿ ಹೋಗಿತ್ತು. ಮೂಲೆಯಲ್ಲಿದ್ದ ಬಾಂದುಕಲ್ಲು, ಅಂದರೆ ಸರ್ವೆಯ ಗಡಿಕಲ್ಲು, ಎಲ್ಲಿತ್ತು ಅನ್ನೋದೇ ತಿಳಿಯಲಿಲ್ಲ. ನಮ್ಮದು ಮುಧೋಳ ಕಡೆ. ಹೊಳೆ ದಂಡೆಯ ಎಷ್ಟೋ ಊರಿನ ಕಥೆ ಆ ವರ್ಷ ಇದೇ ಆಗಿತ್ತು. ನಾನು ಅವಸರ ಮಾಡಿದೆ. ಕಣ್ಣಳತೆಯ ಮೇಲೆ ಹಗ್ಗ ಎಳೆದು, 40 ಕಲ್ಲುಕಂಬ ನೆಟ್ಟು, ಮುಳ್ಳುತಂತಿ ಬಿಗಿದುಬಿಟ್ಟೆ. ಬಾಜೂ ಹೊಲದ ಕಾಕಾ ಬಂದು ನಿಂತು ಒಂದೇ ಮಾತು ಕೇಳಿದರು: "ತಮ್ಮಾ, ಕಲ್ಲು ಎಲ್ಲೈತಿ ಅಂತ ನೋಡಿ ಹಾಕಿದ್ಯೋ, ಸುಮ್ನ ಹಾಕಿದ್ಯೋ?"

ನನಗೆ ಸಿಟ್ಟು ಬಂತು. ಅಳತೆಗೆ ಅರ್ಜಿ ಹಾಕಿದೆ. ತಿಂಗಳುಗಳ ಮೇಲೆ ಅಳತೆ ಆಯಿತು. ಕಲ್ಲು ಸಿಕ್ಕಿತು, ಎರಡೂವರೆ ಅಡಿ ಮಣ್ಣಿನ ಕೆಳಗೆ. ನನ್ನ ಕಂಬಗಳೇ ಅವರ ಹೊಲದೊಳಗೆ 3 ಅಡಿ ಹೋಗಿದ್ದವು. ಎಂಟು ಅಡಿಗೊಂದರಂತೆ 40 ಕಂಬ ಅಂದರೆ ಸುಮಾರು 320 ಅಡಿ ಉದ್ದ. 3 ಅಡಿ ಅಗಲಕ್ಕೆ 960 ಚದರ ಅಡಿ, ಒಂದು ಗುಂಟೆಗೆ ಸ್ವಲ್ಪ ಕಡಿಮೆ. ಎಲ್ಲ ಕಂಬ ಕಿತ್ತು ಮತ್ತೆ ನೆಟ್ಟೆ. ಕೂಲಿ ಎರಡು ಸಲ ಕೊಟ್ಟೆ. ಆ ಖರ್ಚಿನಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾನೂನು ಕೇಳುವುದು ಏನನ್ನು?

ಬೇಲಿ ಹಾಕಲೇಬೇಕು ಅಂತ ನಮ್ಮಲ್ಲಿ ಯಾವ ಕಾನೂನೂ ರೈತನಿಗೆ ಹೇಳುವುದಿಲ್ಲ. ಬಾಜೂದವರು ಬೇಲಿ ಖರ್ಚಿನಲ್ಲಿ ಅರ್ಧ ಕೊಡಲೇಬೇಕು ಅಂತಲೂ ಇಲ್ಲ. ಎಷ್ಟೋ ಜನ "ಅರ್ಧ ಕೊಡಲಿಲ್ಲ ಅಂದ್ರ ಕೋರ್ಟಿಗೆ ಹಾಕ್ತೀನಿ" ಅನ್ನುತ್ತಾರೆ. ಮೊದಲೇ ಒಪ್ಪಂದ ಆಗಿಲ್ಲದಿದ್ದರೆ ಆ ಮಾತಿಗೆ ಬಲ ಇಲ್ಲ.

ಆದರೆ ಕಲ್ಲಿನ ವಿಷಯ ಬೇರೆ. ಕರ್ನಾಟಕ ಭೂಕಂದಾಯ ಕಾಯ್ದೆ 1964 ಪ್ರಕಾರ, ನಿಮ್ಮ ಹೊಲದ ಗಡಿ ಗುರುತುಗಳನ್ನು ಕಾಯ್ದುಕೊಳ್ಳುವುದು, ಕೆಟ್ಟರೆ ದುರಸ್ತಿ ಮಾಡಿಸುವುದು ನಿಮ್ಮ ಜವಾಬ್ದಾರಿ. ಮಾಡದಿದ್ದರೆ ಇಲಾಖೆಯೇ ಮಾಡಿಸಿ, ಖರ್ಚನ್ನು ನಿಮ್ಮಿಂದ ಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಈ ರೂಢಿ ನಮ್ಮ ಕಡೆ ಇನ್ನೂ ಹಳೆಯದು. ಬೆಳಗಾವಿ ಮತ್ತು ಹಳೆಯ ವಿಜಯಪುರ ಜಿಲ್ಲೆಯ ಹೆಚ್ಚಿನ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗಲೇ 1879ರ ಕಂದಾಯ ಕಾನೂನಿನಲ್ಲಿ ಇದು ಇತ್ತು.

ಕಲ್ಲು ಕಿತ್ತರೆ ಏನಾಗುತ್ತದೆ? ಸರ್ಕಾರಿ ಅಧಿಕಾರಿ ನೆಡಿಸಿದ ಗಡಿಕಲ್ಲನ್ನು ಬೇಕೆಂದೇ ಕೀಳುವುದು, ಸರಿಸುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಲ್ಲಿ ಇದಕ್ಕೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಟ್ರ್ಯಾಕ್ಟರ್ ರೆಂಟೆಗೆ ಗೊತ್ತಿಲ್ಲದೆ ತಾಗಿ ಉರುಳಿದ್ದು ಬೇರೆ ಮಾತು. ಆಗಲೂ ಸುಮ್ನೆ ಬಿಡಬೇಡಿ. ಎರಡೂ ಕಡೆಯವರು ಸೇರಿ ನೋಡಿ, ತಲಾಟಿಗೆ ಬರೆದು ತಿಳಿಸಿ. ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ ಅಂತ ಆಗಿದೆ. ನಮ್ಮ ಬಾಯಲ್ಲಿ ಮಾತ್ರ ತಲಾಟಿಯೇ.

ಇನ್ನೊಂದು ಭಯವೂ ಉಂಟು. ನಿಮ್ಮ ನೆಲವನ್ನು ಇನ್ನೊಬ್ಬರು ತಮ್ಮದೆಂದು ಎಲ್ಲರಿಗೂ ಗೊತ್ತಾಗುವಂತೆ, ನಿಮ್ಮ ಅನುಮತಿ ಇಲ್ಲದೆ, ಬಿಡದೆ 12 ವರ್ಷ ಉಂಡರೆ, ಅದನ್ನು ತಮಗೇ ಸೇರಿದ್ದೆಂದು ಕೋರ್ಟಿನಲ್ಲಿ ವಾದಿಸಬಹುದು. ಅದನ್ನು ಸಾಬೀತು ಮಾಡುವುದು ಸುಲಭವಲ್ಲ. ಆದರೂ ಬದು ವರ್ಷಕ್ಕೆ ಒಂದು ಗೇಣು ಸರಿಯುತ್ತಿದ್ದರೆ ನೋಡುತ್ತಾ ಕೂರಬೇಡಿ.

ಮೊದಲ ಹೆಜ್ಜೆ: ಕಾಗದ ಕೂಡಿಸಿ

ಒಂದು ರಟ್ಟಿನ ಫೈಲು ಮಾಡಿ. ಅದರಲ್ಲಿ ಈ ವರ್ಷದ ಉತಾರ (ಪಹಣಿ), ಆಕಾರಬಂದು (ಸರ್ವೇ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಹಿಸ್ಸಾ ಟಿಪ್ಪಣಿ (ಪಾಲಿನ ಅಳತೆಯ ನಕ್ಷೆ), ಊರಿನ ನಕಾಶೆ ಇರಲಿ. ಖರೀದಿ ಹೊಲವಾದರೆ ಖರೀದಿ ಪತ್ರದ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ), 11ಇ ನಕ್ಷೆ (ಮಾರಾಟಕ್ಕೆ ಮೊದಲು ಸರ್ವೆದವರು ಮಾಡಿಕೊಡುವ ನಕ್ಷೆ) ಇದ್ದರೆ ಅದು ಕೂಡ ಬೇಕು. ಉತಾರ ಆನ್‌ಲೈನ್‌ನಲ್ಲಿ ಸಿಗುತ್ತದೆ. ಟಿಪ್ಪಣಿಗೆ ತಾಲೂಕಿನ ಸರ್ವೇ ಆಫೀಸಿಗೆ ಅರ್ಜಿ ಕೊಡಬೇಕು.

ಇವುಗಳಲ್ಲಿ ಟಿಪ್ಪಣಿಯೇ ದೊಡ್ಡದು. ಉತಾರ ಎಷ್ಟು ಎಕರೆ, ಎಷ್ಟು ಗುಂಟೆ ಅಂತ ಹೇಳುತ್ತದೆ. ಗೆರೆ ಎಲ್ಲಿ ಹೋಗುತ್ತದೆ ಅಂತ ಹೇಳುವುದು ಟಿಪ್ಪಣಿ. ಅದರಲ್ಲಿ ಅಳತೆ ಸರಪಳಿ ಮತ್ತು ಆಣೆಯಲ್ಲಿ ಇರುತ್ತದೆ. ಒಂದು ಸರಪಳಿಗೆ 33 ಅಡಿ. ಒಂದು ಸರಪಳಿಗೆ 16 ಆಣೆ, ಅಂದರೆ ಒಂದು ಆಣೆಗೆ ಎರಡು ಅಡಿ ಚಿಲ್ಲರೆ. ಒಂದು ಸರಪಳಿ ಚೌಕ ಅಂದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಇಂಥ 40 ಗುಂಟೆಗೆ ಒಂದು ಎಕರೆ. ಇದಿಷ್ಟು ತಲೆಯಲ್ಲಿದ್ದರೆ ಸರ್ವೆದವರು ಅಳೆಯುವಾಗ ಏನು ಮಾಡುತ್ತಿದ್ದಾರೆ ಅನ್ನೋದು ನಿಮಗೂ ತಿಳಿಯುತ್ತದೆ.

ಬೆಳಗಾವಿ ಕಡೆಯ ಕೆಲವು ಹಳೆಯ ಕಾಗದ ಮರಾಠಿಯಲ್ಲಿ, ಅದೂ ಮೋಡಿ ಅನ್ನುವ ಹಳೆಯ ಕೂಡುಬರಹದ ಲಿಪಿಯಲ್ಲಿ ಇರುತ್ತವೆ. ಓದಲು ಬರುವ ಹಿರಿಯರನ್ನು ಹುಡುಕಿ, ಎದುರಿಗೆ ಕೂತು ಓದಿಸಿ. ಅಂದಾಜಿನ ಮೇಲೆ ಅರ್ಥ ಹೇಳುವವರನ್ನು ನಂಬಬೇಡಿ.

ಉತಾರದಲ್ಲಿ ಖರಾಬು ಅನ್ನುವ ಕಾಲಂ ನೋಡಿ. ನಮ್ಮ ಕಡೆ ಪೋಟಖರಾಬು ಅನ್ನುತ್ತೇವೆ. 'ಅ' ಖರಾಬು ಅಂದರೆ ಸಾಗುವಳಿಗೆ ಬಾರದ ನೆಲ. ಕಲ್ಲುಬಂಡೆ ಇರಬಹುದು, ಕಣ ಇರಬಹುದು. 'ಬ' ಖರಾಬು ಅಂದರೆ ದಾರಿ, ಹಳ್ಳ ಇಂಥ ಸಾರ್ವಜನಿಕ ಕೆಲಸಕ್ಕೆ ಬಿಟ್ಟದ್ದು. ನಿಮ್ಮ ಸರ್ವೇ ನಂಬರಿನ ಒಳಗೇ ಇದ್ದರೂ 'ಬ' ಖರಾಬಿಗೆ ಬೇಲಿ ಹಾಕುವಂತಿಲ್ಲ. ಬಹಳ ಜಗಳ ಇಲ್ಲೇ ಹುಟ್ಟುತ್ತವೆ.

ಉತಾರದಲ್ಲಿ ಅಣ್ಣ, ತಮ್ಮ, ದೊಡ್ಡಪ್ಪನ ಮಕ್ಕಳು ಎಲ್ಲರ ಹೆಸರೂ ಒಂದೇ ನಂಬರಿನಲ್ಲಿ ಇದೆಯೇ? ಹಾಗಾದರೆ ನಿಮ್ಮ ಪಾಲಿಗೆ ಇನ್ನೂ ಸ್ವಂತ ಗೆರೆ ಇಲ್ಲ. ಮೊದಲು ಪೋಡಿ, ಅಂದರೆ ಅಳತೆ ಮಾಡಿ ಪಾಲನ್ನು ಬೇರೆ ಮಾಡುವುದು, ಆಗಬೇಕು. ಬಾಯಿ ಮಾತಿನ ಪಾಲಿನ ಮೇಲೆ ತಂತಿ ಬಿಗಿದರೆ ಮುಂದೆ ಮಕ್ಕಳ ಕಾಲಕ್ಕೆ ಅದೇ ತಕರಾರು.

ಎರಡನೇ ಹೆಜ್ಜೆ: ನೀವೇ ಒಂದು ಸುತ್ತು ತಿರುಗಿ

ಅಳತೆಗೆ ಅರ್ಜಿ ಹಾಕುವ ಮೊದಲು ನೀವೇ ಕಲ್ಲು ಹುಡುಕಿ. ಹಿಂಗಾರಿ ಜೋಳ ಕೊಯ್ದ ಮೇಲೆ, ಮಾರ್ಚ್‌ನಿಂದ ಮೇ ತನಕ, ಒಳ್ಳೆಯ ಹೊತ್ತು. ಬೆಳೆ ಇರುವುದಿಲ್ಲ, ಎರಿ (ಕಪ್ಪು ಮಣ್ಣಿನ) ಹೊಲ ಬಿರುಕು ಬಿಟ್ಟಿರುತ್ತದೆ, ಬದು ಎದ್ದು ಕಾಣುತ್ತದೆ.

ನಿಮ್ಮ ಕಲ್ಲು ಸಿಗದಿದ್ದರೆ ಬಾಜೂ ಹೊಲಗಳ ಕಲ್ಲು ಹುಡುಕಿ. ಒಂದು ಸರ್ವೇ ನಂಬರಿನ ಮೂಲೆಗಲ್ಲಿನಿಂದ ಇನ್ನೊಂದಕ್ಕೆ ಅಳತೆ ಹಿಡಿಯಲು ಬರುತ್ತದೆ. ಮೂರು ಊರಿನ ಗಡಿ ಕೂಡುವ ಕಡೆ ಇರುವ ಕಲ್ಲು ಸಿಕ್ಕರೆ ಸರ್ವೆದವರ ಕೆಲಸ ಅರ್ಧ ಆದಂತೆ. ಹಳೆಯ ಬೇವಿನ ಗಿಡ, ಬಾವಿ, ಗುಡಿ, ಸೇತುವೆ ಇವನ್ನೂ ಗುರುತು ಇಟ್ಟುಕೊಳ್ಳಿ.

ಹೊಳೆ ದಂಡೆಯ ಹೊಲದಲ್ಲಿ ಕಲ್ಲು ಕೊಚ್ಚಿ ಹೋಗುವುದಕ್ಕಿಂತ ಹೂತು ಹೋಗುವುದೇ ಜಾಸ್ತಿ. ನಮ್ಮದು ಹಾಗೇ ಆಗಿತ್ತು. ಸಬ್ಬಲ್ ತೆಗೆದುಕೊಂಡು ಅಂದಾಜಿನ ಜಾಗದ ಸುತ್ತ ಚುಚ್ಚಿ ನೋಡಬಹುದು. ಸಿಕ್ಕರೆ ಮಣ್ಣು ಸರಿಸಿ ಕಾಣುವಂತೆ ಬಿಡಿ, ಕಲ್ಲನ್ನು ಮಾತ್ರ ಅಲುಗಿಸಬೇಡಿ. ನೆಟ್ಟಗೆ ನಿಲ್ಲಿಸುವ ಉಮೇದೂ ಬೇಡ. ನೀವೇ ನಿಲ್ಲಿಸಿದ ಕಲ್ಲನ್ನು ನಾಳೆ ಯಾರು ನಂಬುತ್ತಾರೆ?

ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಇದೆ. ನಿಂತ ಜಾಗದ ಸರ್ವೇ ನಂಬರ್ ತೋರಿಸುತ್ತದೆ. ಕಲ್ಲು ಎಲ್ಲಿ ಹುಡುಕಬೇಕು ಅನ್ನೋದಕ್ಕೆ ಉಪಯೋಗ. ಬೇಲಿಯ ಗೆರೆ ಎಳೆಯಲು ಇದನ್ನು ನಂಬಬೇಡಿ, ಅಷ್ಟಿಷ್ಟು ಮೀಟರ್ ಆಚೀಚೆ ಆಗುತ್ತದೆ. ಮೊಬೈಲ್ ಹಿಡಿದು "ನೋಡ್ರಿ, ನಿಮ್ಮ ಮನಿ ನಮ್ಮ ಹೊಲದಾಗೈತಿ" ಅಂತ ಜಗಳ ತೆಗೆದವರನ್ನು ನಾನೇ ಕಂಡಿದ್ದೇನೆ.

ಮೂರನೇ ಹೆಜ್ಜೆ: ಹದ್ದುಬಸ್ತು

ಗಡಿ ಗುರುತಿಸಿ ಕೊಡಿ ಅಂತ ಸರ್ವೇ ಇಲಾಖೆಗೆ ಹಾಕುವ ಅರ್ಜಿಗೆ ಹದ್ದುಬಸ್ತು ಅನ್ನುತ್ತಾರೆ. ನಾಡಕಚೇರಿಯಲ್ಲಿ ಅಥವಾ ತಾಲೂಕಿನ ಮೋಜಿಣಿ (ಅಳತೆ ಅರ್ಜಿಯ) ಕೌಂಟರಿನಲ್ಲಿ ಉತಾರ ಕೊಟ್ಟು, ಫೀ ಕಟ್ಟಿ, ರಸೀದಿ ಪಡೆಯಿರಿ. ರಸೀದಿಯ ಅರ್ಜಿ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಓಡಾಟವೆಲ್ಲ ಆ ನಂಬರಿನ ಮೇಲೆಯೇ.

ಅಳತೆ ದಿನ ಗೊತ್ತಾದಾಗ ಸುತ್ತಲಿನ ಹೊಲದವರಿಗೆ ನೋಟಿಸು ಹೋಗುತ್ತದೆ. ನೋಟಿಸು ಮುಟ್ಟಿತು ಅಂತ ಸಹಿ ಬಿದ್ದಿರಬೇಕು. ಇದರಲ್ಲಿ ಕಣ್ಣು ತಪ್ಪಿಸಬೇಡಿ. "ನನಗ ಹೇಳೇ ಇಲ್ಲ" ಅಂತ ಒಬ್ಬರು ಎದ್ದರೆ ಇಡೀ ಅಳತೆ ಮತ್ತೆ ಮೊದಲಿನಿಂದ. ನೋಟಿಸು ಏನೇ ಇರಲಿ, ಹಿಂದಿನ ಸಂಜೆ ನೀವೇ ಅವರ ಮನೆಗೆ ಹೋಗಿ, "ಕಾಕಾ, ನಾಳೆ ಅಳತೆ ಐತ್ರಿ, ಮುಂಜಾನೆ ಹೊಲಕ್ಕ ಬರ್ರಿ" ಅಂತ ಬಾಯಿಬಿಟ್ಟು ಹೇಳಿ. ಕಾಗದಕ್ಕೆ ಸಿಟ್ಟಾಗುವವರು ಚಹಾ ಕುಡಿದು ಹೇಳಿದರೆ ಬರುತ್ತಾರೆ.

ಆ ದಿನ ನೀವು ತರಬೇಕಾದದ್ದು: ಕಲ್ಲುಗಳು, ಸುಣ್ಣ, ಸಬ್ಬಲ್, ಸಲಕೆ, ಹಗ್ಗ, ಇಬ್ಬರು ಆಳು. ಸುತ್ತಲಿನ ಪೊದೆ, ಜಾಲಿ ಮುಂಚೆಯೇ ಕಡಿಸಿರಿ. ಈಗ ಸರಪಳಿಯ ಬದಲು ರೋವರ್ (ಉಪಗ್ರಹದ ಸಿಗ್ನಲ್‌ನಿಂದ ಅಳೆಯುವ ಯಂತ್ರ) ತರುವುದು ಹೆಚ್ಚಾಗಿದೆ. ಯಂತ್ರ ಯಾವುದೇ ಇರಲಿ, ಯಾವ ಕಲ್ಲಿನಿಂದ ಅಳತೆ ಶುರು ಮಾಡಿದರು ಅನ್ನೋದನ್ನು ಕೇಳಿ ಬರೆದಿಟ್ಟುಕೊಳ್ಳಿ. ತಪ್ಪು ಆಗಿದ್ದರೆ ಬಹಳ ಸಲ ಅಲ್ಲೇ ಆಗಿರುತ್ತದೆ.

ಗೆರೆ ಗೊತ್ತಾದ ಕೂಡಲೇ, ಸರ್ವೆದವರು ಅಲ್ಲೇ ಇರುವಾಗಲೇ, ಕಲ್ಲು ನೆಡಿಸಿ. "ನಾಳೆ ನೆಟ್ಟರಾಯಿತು" ಬೇಡ. ಪಂಚನಾಮೆಗೆ ಬಾಜೂದವರ ಸಹಿ ಹಾಕಿಸಿ. ಅವರು ಒಪ್ಪದಿದ್ದರೆ ತಕರಾರು ಇದೆ ಅಂತಲೇ ಬರೆದು ಸಹಿ ಮಾಡಲಿ. ಬಲವಂತ ಬೇಡ. ನಕಾಶೆ ಮತ್ತು ಪಂಚನಾಮೆಯ ನಕಲು ಪಡೆಯಿರಿ.

ಅಳತೆಯೇ ತಪ್ಪು ಅನ್ನಿಸಿದರೆ ಮೇಲಿನ ಸರ್ವೇ ಅಧಿಕಾರಿಗಳಿಗೆ ಅಪೀಲು ಹೋಗಬಹುದು. ಆದರೆ ಒಂದು ತಿಳಿದಿರಲಿ: ಸರ್ವೇ ಇಲಾಖೆ ಗೆರೆ ತೋರಿಸುತ್ತದೆ. ಆ ನೆಲದ ಮಾಲಕಿ ಯಾರದು ಅನ್ನುವ ತಂಟೆ ಇದ್ದರೆ ಅದು ಸಿವಿಲ್ ಕೋರ್ಟಿನ ಕೆಲಸ. ಅಲ್ಲಿ ಬೇಕಾದರೆ ಕೋರ್ಟು ಕಮಿಷನರನ್ನು ನೇಮಿಸಿ ಮತ್ತೆ ಅಳತೆ ಮಾಡಿಸುತ್ತದೆ. ಒಂದು ಗೇಣಿಗಾಗಿ ಹತ್ತು ವರ್ಷ ಕೋರ್ಟು ತಿರುಗಿದವರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ವಕೀಲರ ಫೀ, ಬಸ್ ಚಾರ್ಜು ಕೂಡಿಸಿದರೆ ಆ ಗೇಣು ಎಷ್ಟಕ್ಕೆ ಬಿತ್ತು ಅಂತ ಅವರನ್ನೇ ಕೇಳಿ.

ನಾಲ್ಕನೇ ಹೆಜ್ಜೆ: ಒಪ್ಪಿಗೆ ಪತ್ರ

ಬೇಲಿಯನ್ನು ಎರಡು ರೀತಿ ಹಾಕಬಹುದು. ನಿಮ್ಮ ಖರ್ಚಿನಲ್ಲಿ, ಗೆರೆಯಿಂದ ಒಂದಡಿ ನಿಮ್ಮ ಹೊಲದೊಳಗೆ. ಆಗ ಯಾರನ್ನೂ ಕೇಳಬೇಕಿಲ್ಲ. ಇಲ್ಲವೇ ಇಬ್ಬರೂ ಸೇರಿ ಸರಿಯಾಗಿ ಗೆರೆಯ ಮೇಲೆ. ಜಾಗ ಉಳಿಯುತ್ತದೆ, ಖರ್ಚು ಅರ್ಧ. ಆದರೆ ಎರಡನೆಯದಕ್ಕೆ ಬರಹ ಬೇಕೇ ಬೇಕು.

ಸ್ಟ್ಯಾಂಪ್ ಪೇಪರಿನ ಮೇಲೆ ಇಷ್ಟು ಬರೆಸಿ. ಯಾವ ಕಲ್ಲಿನಿಂದ ಯಾವ ಕಲ್ಲಿನ ತನಕ ಬೇಲಿ. ಎಷ್ಟು ಖರ್ಚು, ಯಾರು ಎಷ್ಟು ಕೊಟ್ಟರು. ತಂತಿ ಹರಿದರೆ, ಕಂಬ ಬಿದ್ದರೆ ದುರಸ್ತಿ ಯಾರದು. ಹೊಲ ಮಾರಿದರೆ ಹೊಸಬರಿಗೆ ಈ ಮಾತು ತಿಳಿಸುವುದು. ಬದುವಿನ ಮೇಲಿನ ಗಿಡ ಯಾರದು. ಕೊನೆಯದನ್ನು ಮರೆಯಬೇಡಿ. ಬೇವಿನ ಗಿಡ ಬೆಳೆದು ನೆರಳು ಬಿದ್ದಾಗ, ಮಾರಲು ಹೊರಟಾಗ, ಆ ಸಾಲು ನೆನಪಾಗುತ್ತದೆ. ಬಾಜೂದವರ ಗಿಡದ ಟೊಂಗೆ ನಿಮ್ಮ ಹೊಲದ ಮೇಲೆ ಬಂದರೆ, ಅವರಿಗೆ ಹೇಳಿ, ನಿಮ್ಮ ಗೆರೆಯ ತನಕ ಸವರಬಹುದು. ಬುಡಕ್ಕೆ ಕೈ ಹಚ್ಚುವಂತಿಲ್ಲ. ಸ್ವಂತ ಬೇವನ್ನೇ ಕಡಿಯುವುದಿದ್ದರೂ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಗೆರೆಯ ಮೇಲೆ ದಾರಿ ಇದೆಯೇ ನೋಡಿ. ಊರಿನ ನಕಾಶೆಯಲ್ಲಿ ಚುಕ್ಕೆ ಗೆರೆ ಇದ್ದರೆ ಅದು ದಾರಿ. ನಕಾಶೆಯಲ್ಲಿ ಇಲ್ಲದಿದ್ದರೂ, ಹಿಂದಿನ ಹೊಲದವರು ಯಾರ ಅಡ್ಡಿಯೂ ಇಲ್ಲದೆ, ಹಕ್ಕಿನಿಂದ 20 ವರ್ಷ ಬಂಡಿ ಹೊಡೆದಿದ್ದರೆ, 1882ರ ಅನುಭೋಗ ಹಕ್ಕಿನ ಕಾಯ್ದೆ ಅವರ ಕಡೆ ನಿಲ್ಲುತ್ತದೆ. ಅದೇ ಕಾಯ್ದೆ ನೀರಿನ ಬಗ್ಗೆಯೂ ಹೇಳುತ್ತದೆ. ಮೇಲಿನ ಹೊಲದ ಮಳೆನೀರು ತಾನಾಗಿ ಕೆಳಗೆ ಹರಿಯುವುದನ್ನು ನೀವು ಗೋಡೆ ಕಟ್ಟಿ ತಡೆಯುವಂತಿಲ್ಲ. ಬೇಲಿಯ ಬುಡಕ್ಕೆ ಕಲ್ಲು ಕಟ್ಟುವವರು ನೀರಿಗೆ ಕಿಂಡಿ ಬಿಡಲಿ.

ಐದನೇ ಹೆಜ್ಜೆ: ಈಗ ಬೇಲಿ

ಮೊದಲು ಲೆಕ್ಕ ಹಾಕಿ. ಒಂದು ಎಕರೆ ಚೌಕವಾಗಿದ್ದರೆ ಸುತ್ತಳತೆ ಸುಮಾರು 835 ಅಡಿ. ಅದೇ ಒಂದು ಎಕರೆ, ಪಾಲಾಗಿ ಪಾಲಾಗಿ 33 ಅಡಿ ಅಗಲದ ಪಟ್ಟಿಯಾಗಿದ್ದರೆ ಉದ್ದ 1,320 ಅಡಿ, ಸುತ್ತಳತೆ 2,706 ಅಡಿ. ಚೌಕದ ಮೂರರಷ್ಟಕ್ಕಿಂತ ಜಾಸ್ತಿ! ಇಂಥ ಪಟ್ಟಿ ಹೊಲಕ್ಕೆ ಒಬ್ಬರೇ ಬೇಲಿ ಹಾಕುವುದು ಹುಚ್ಚು ಖರ್ಚು. ಅಣ್ಣ ತಮ್ಮಂದಿರು ಸೇರಿ ಹೊರಗಿನ ಸುತ್ತಿಗೆ ಮಾತ್ರ ಹಾಕಿ, ಒಳಗೆ ಕಲ್ಲು ಮತ್ತು ಬದು ಇಟ್ಟುಕೊಳ್ಳಿ.

ನಮ್ಮ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಆಳವಿಲ್ಲದ ಕಂಬ ಎರಡು ವರ್ಷದಲ್ಲಿ ವಾಲುತ್ತದೆ. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಎರಡು ಅಡಿ ಗುಂಡಿ ಸಾಕಾದರೆ, ಎರಿಯಲ್ಲಿ ಎರಡೂವರೆಯಿಂದ ಮೂರು ಅಡಿ ಬೇಕು. ಗುಂಡಿಗೆ ಮತ್ತೆ ಎರಿ ಮಣ್ಣನ್ನೇ ತುಂಬಬೇಡಿ. ಗರಸು (ಕಲ್ಲು ಮಿಶ್ರಿತ ಮಣ್ಣು) ಹಾಕಿ ದಮ್ಮಸ್ಸು ಮಾಡಿ. ಮೂಲೆ ಕಂಬಕ್ಕೆ ಎರಡೂ ಕಡೆ ಆನಿಕೆ ಕೊಡಿ, ತಂತಿಯ ಎಳೆತವೆಲ್ಲ ಅದರ ಮೇಲೆಯೇ. ಬಾಂದುಕಲ್ಲನ್ನೇ ಕಂಬವಾಗಿ ಮಾಡಿ ತಂತಿ ಕಟ್ಟುವವರಿದ್ದಾರೆ. ದಯವಿಟ್ಟು ಬೇಡ. ತಂತಿ ಬಿಗಿದಂತೆಲ್ಲ ಕಲ್ಲು ವಾಲುತ್ತದೆ. ಕಬ್ಬಿನ ಹೊಲವಾದರೆ ಗೇಟು 14 ಅಡಿ ಇರಲಿ, ಇಲ್ಲದಿದ್ದರೆ ಕಾರ್ಖಾನೆಗೆ ಕಬ್ಬು ಸಾಗಿಸುವ ದಿನ ಟ್ರೇಲರ್ ತಿರುಗಿಸಲು ಬೇಲಿ ಬಿಚ್ಚಬೇಕಾಗುತ್ತದೆ.

ರೊಕ್ಕ ಕಡಿಮೆ ಇದ್ದರೆ ಜೀವಂತ ಬೇಲಿಗೆ ಏನೂ ಕೊರತೆ ಇಲ್ಲ. ಒಣ ಹೊಲಕ್ಕೆ ಕಳ್ಳಿ, ಕತ್ತಾಳೆ. ಬೆಳಗಾವಿಯ ಮಳೆ ಕಡೆಗೆ ಕವಳಿ ಗಿಡ, ಮುಳ್ಳೂ ಉಂಟು, ಹಣ್ಣೂ ಉಂಟು. ಬಳ್ಳಾರಿ ಜಾಲಿ ಮಾತ್ರ ಹಚ್ಚಬೇಡಿ. ಬೇಲಿಯಾಗಿ ಬಂದು ಹೊಲವನ್ನೇ ನುಂಗುತ್ತದೆ.

ಇಂಡಿಯ ನಿಂಬೆ, ತಿಕೋಟಾದ ದ್ರಾಕ್ಷಿ ತೋಟದವರಿಗೆ ತಂತಿ ಬೇಲಿ ಹಾಕಿದ್ದಕ್ಕೆ ಅರ್ಥ ಇದೆ. ಬರೀ ಬಿಳಿಜೋಳ, ಕಡಲೆ ಬೆಳೆಯುವ ಎರಿ ಹೊಲದವರು ಎರಡು ಸಲ ಯೋಚಿಸಿ. ಬೆಳೆ ತೆಗೆದ ಮೇಲೆ ಕುರಿ ನಿಲ್ಲಿಸಿ ಗೊಬ್ಬರ ಮಾಡಿಕೊಳ್ಳುವ ರೂಢಿ ನಮ್ಮಲ್ಲಿದೆ. ಸುತ್ತ ತಂತಿ ಕಂಡರೆ ಕುರಿಯವರು ಮುಂದಿನ ಹೊಲಕ್ಕೆ ಹೋಗುತ್ತಾರೆ.

ಕರೆಂಟಿನ ಮಾತು

ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಹಂದಿ ಕಾಟಕ್ಕೆ ಬೇಸತ್ತು, ಪಂಪಿನ ಸ್ಟಾರ್ಟರಿನಿಂದ ಒಂದು ವೈರು ಎಳೆದು ತಂತಿಗೆ ಕೊಡುತ್ತಾರೆ. ರಾತ್ರಿ ನೀರು ಹಾಯಿಸಲು ಬಂದ ಬಾಜೂ ಹೊಲದವರು, ಕೆಲವೊಮ್ಮೆ ಮನೆಯವರೇ, ಅದಕ್ಕೆ ಸಿಕ್ಕು ಸಾಯುತ್ತಾರೆ. ಹೀಗೆ ಕರೆಂಟು ಕೊಡುವುದು ಕಾನೂನಿಗೆ ವಿರುದ್ಧ. ಜೀವ ಹೋದರೆ ಕ್ರಿಮಿನಲ್ ಕೇಸು. ಚಿಗರಿ (ಜಿಂಕೆ) ಸತ್ತರೆ ವನ್ಯಜೀವಿ ಕಾಯ್ದೆಯ ಕೇಸು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ಅನ್ನುವ ಸಣ್ಣ ಹುಲ್ಲೆಗೆಂದೇ ವನ್ಯಧಾಮ ಇದೆ, ಆ ಸುತ್ತಿನವರು ಇನ್ನೂ ಹುಷಾರಾಗಿರಬೇಕು.

ಸೋಲಾರ್ ಬೇಲಿ ಬೇರೆ. ಅದು ಬ್ಯಾಟರಿಯಿಂದ ಎನರ್ಜೈಸರ್ ಮೂಲಕ ಸೆಕೆಂಡಿಗೆ ಒಂದರಂತೆ ಅತಿ ಚಿಕ್ಕ ಹೊಡೆತ ಕೊಡುತ್ತದೆ. ಪ್ರಾಣಿ ಹೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಹಾಕಿದರೆ ಎಚ್ಚರಿಕೆಯ ಫಲಕ ಕಟ್ಟಿ. ಮೇನ್ ಲೈನಿಗೆ ಯಾವತ್ತೂ ಜೋಡಿಸಬೇಡಿ.

ಬೇಲಿ ಇಲ್ಲ, ದನ ಹೊಕ್ಕವು

"ಬೇಲಿ ಹಾಕ್ಕೋಬೇಕಿತ್ತು" ಅಂತ ದನದ ಮಾಲಕರು ಹೇಳಿದರೆ ಒಪ್ಪಬೇಡಿ. ಬೇಲಿ ಇಲ್ಲದ ಹೊಲಕ್ಕೆ ದನ ಬಿಡುವ ಹಕ್ಕು ಯಾರಿಗೂ ಇಲ್ಲ. ತನ್ನ ದನ ಕಾಯುವುದು ಮಾಲಕನ ಜವಾಬ್ದಾರಿ. ಇದಕ್ಕೆ ಕರ್ನಾಟಕ ಜಾನುವಾರು ಅತಿಕ್ರಮ ಕಾಯ್ದೆ 1966 ಇದೆ. ಬೆಳೆ ಮೇಯುವ ದನವನ್ನು ಹಿಡಿದು ಕೊಂಡವಾಡಕ್ಕೆ (ಹಿಡಿದ ದನ ಕೂಡಿಹಾಕುವ ಊರ ದೊಡ್ಡಿಗೆ) ಮುಟ್ಟಿಸಬಹುದು. 24 ತಾಸು ದಾಟದಂತೆ ಮುಟ್ಟಿಸಿ. ಮನೆಯಲ್ಲಿ ಕಟ್ಟಿ ಇಟ್ಟುಕೊಳ್ಳುವುದು, ಹೊಡೆಯುವುದು ಬೇಡ, ನ್ಯಾಯ ತಿರುಗಿ ನಿಮ್ಮ ಮೇಲೆ ಬರುತ್ತದೆ. ಎಷ್ಟೋ ಊರಲ್ಲಿ ಕೊಂಡವಾಡದ ಗೋಡೆ ಮಾತ್ರ ಉಳಿದಿದೆ. ಆಗ ಫೋಟೊ ತೆಗೆದು, ಇಬ್ಬರು ಪಂಚರ ಎದುರು ನುಕಸಾನು ಬರೆಸಿ, ಪಂಚಾಯಿತಿಗೆ ಅರ್ಜಿ ಕೊಡಿ.

ವರ್ಷಕ್ಕೊಮ್ಮೆ

ಮಳೆಗಾಲ ಮುಗಿದ ಮೇಲೆ ಒಂದು ಸುತ್ತು ನೋಡಬೇಕು. ಅದಕ್ಕೆ ಬೇರೆ ದಿನ ಯಾಕೆ, ಎಳ್ಳಮವಾಸ್ಯೆ ಇದೆಯಲ್ಲ. ಚರಗ (ಹೊಲಕ್ಕೆ ಅರ್ಪಿಸುವ ಎಡೆ) ಚೆಲ್ಲುತ್ತಾ ಹೊಲದ ಸುತ್ತ ಹೇಗೂ ತಿರುಗುತ್ತೇವೆ. ಆಗಲೇ ಪ್ರತಿ ಕಲ್ಲನ್ನು ನೋಡಿ, ಸುತ್ತಲಿನ ಹುಲ್ಲು ತೆಗೆದು, ಸುಣ್ಣ ಬಳಿಯಿರಿ. ಮೊಬೈಲಿನಲ್ಲಿ ಒಂದೊಂದು ಫೋಟೊ, ಹಿಂದೆ ಗಿಡವೋ ಬಾವಿಯೋ ಕಾಣುವಂತೆ. ಹಿಂದಿನ ವರ್ಷದ ಫೋಟೊ ಜೊತೆ ಇಟ್ಟು ನೋಡಿದರೆ ಕಲ್ಲು ಸರಿದದ್ದು ಗೊತ್ತಾಗುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಕಲ್ಲು ಎಲ್ಲೆಲ್ಲಿ ಅಂತ ಅವರಿಗೂ ತೋರಿಸಿ.

ನಮ್ಮ ಹೊಲಕ್ಕೂ ಕಾಕಾ ಅವರ ಹೊಲಕ್ಕೂ ನಡುವೆ ಇರುವ ಆ ಹೂತು ಹೋಗಿದ್ದ ಕಲ್ಲಿಗೆ ಒಂದು ವರ್ಷ ನಾನು ಸುಣ್ಣ ಬಳಿಯುತ್ತೇನೆ, ಒಂದು ವರ್ಷ ಅವರು. ಈ ಸಲ ಪಾಳಿ ಅವರದು. ಸುಣ್ಣದ ಜೊತೆ ಎಳ್ಳು ಹೋಳಿಗೆಯೂ ಬರುತ್ತದೆ ಅಂತ ಆಗಲೇ ಹೇಳಿ ಕಳಿಸಿದ್ದಾರೆ.